ರಬ್ಬರ್ ಮ್ಯಾಟ್ ಹಾಸಿದವರಿಗೆ

ಗುರುವಾರ, ಮಧ್ಯಾಹ್ನ

ರೀ,

ನಮಸ್ಕಾರ ಗಿಮಸ್ಕಾರ ಏನೂ ಇಲ್ಲ. ಹದಿನೆಂಟು ದಿನದಿಂದ ನಿಮ್ಮ ಅಣ್ಣನ ಮನೆಯಲ್ಲಿ ಅಡಗಿ ಕೂತಿದ್ದೀರಲ್ಲ, ನಾಚಿಕೆ ಆಗುವುದಿಲ್ಲವೇ? ಫೋನ್ ಎತ್ತುವುದಿಲ್ಲ, ಅದಕ್ಕೇ ಈ ಕಾಗದ.

ನನ್ನ ತಂಗಿಯ ಬಲಗೈ ಕಟ್ಟನ್ನು ಇವತ್ತು ಬಿಚ್ಚಿದರು. ಬೆರಳು ಮಡಚಲು ಆಗುತ್ತಿಲ್ಲ. ಬಣ್ಣದ ಕಾರ್ಖಾನೆಯಿಂದ ಬಂದ ನೋಟೀಸು ಅವಳ ದಿಂಬಿನ ಕೆಳಗಿದೆ. ಬೆಂಕಿಗೆ ಅವಳ ಅಜಾಗರೂಕತೆಯೇ ಕಾರಣವೆಂದು ಸೋಮವಾರದ ವಿಚಾರಣೆಯಲ್ಲಿ ತೀರ್ಮಾನವಾದರೆ ಅವಳ ಕೆಲಸ ಹೋಯಿತು. ಹಾಗೆಂದು ಬರೆದುಕೊಟ್ಟವರು ಯಾರು? ಸೂಪರ್‌ವೈಸರ್ ಸಾಹೇಬರು, ಅವಳ ಸ್ವಂತ ಭಾವ! ಸುಟ್ಟುಕೊಂಡವಳ ತಲೆಯ ಮೇಲೇ ಗೂಬೆ ಕೂರಿಸಿದಿರಲ್ಲ.

"ತಗಡಿನ ಡಬ್ಬಿ ಕಣ್ರೀ, ಅದ್ರಲ್ಲಿ ಎಲ್ಲಿಂದ ಬರ್ಬೇಕು ಕರೆಂಟು? ಇವಳೇ ಏನೋ ಮಾಡ್ಕೊಂಡಿದಾಳೆ" ಎಂದು, ಬಣ್ಣ ತೆಳು ಮಾಡುವ ಥಿನ್ನರನ್ನು ಅವಳು ತುಂಬುತ್ತಿದ್ದ ಡಬ್ಬಿ ತೋರಿಸಿ ಎಲ್ಲರೆದುರು ಅಂದಿರಂತೆ. ತಪಾಸಣೆಗೆ ಬಂದ ಎಂಜಿನಿಯರಮ್ಮ ನನ್ನನ್ನು ಕೂರಿಸಿಕೊಂಡು ಮಗ್ಗಿ ಹೇಳಿಕೊಟ್ಟ ಹಾಗೆ ಹೇಳಿದರು. ಥಿನ್ನರ್ ಪ್ಲಾಸ್ಟಿಕ್ ಪೈಪಿನಲ್ಲಿ ಉಜ್ಜಿಕೊಂಡು ಹರಿಯುವಾಗಲೇ ಚಾರ್ಜ್ ಹೊತ್ತು ತರುತ್ತದೆ. ಡಬ್ಬಿ ನೆಲದ ಮೇಲಿದ್ದರೆ ಅದು ನೆಲಕ್ಕೆ ಇಳಿದುಹೋಗುತ್ತದೆ. ರಬ್ಬರ್ ಮೇಲಿದ್ದರೆ ಇಳಿಯಲು ದಾರಿಯೇ ಇಲ್ಲ, ತುಂಬುತ್ತ ತುಂಬುತ್ತ ವೋಲ್ಟೇಜ್ ಏರುತ್ತದೆ. ಮುಟ್ಟಲು ಬಂದವಳ ಮೈಯಲ್ಲಿ ಹೆಚ್ಚಿನ ಚಾರ್ಜ್ ಏನೂ ಇಲ್ಲದಿದ್ದರೂ, ಅವಳೊಳಗಿನ ವಿರುದ್ಧ ಚಾರ್ಜನ್ನು ಡಬ್ಬಿ ಬೆರಳ ತುದಿಗೆ ಎಳೆದುಕೊಳ್ಳುತ್ತದೆ. ಒಂದು ಕಿಡಿ, ಸುತ್ತ ಥಿನ್ನರಿನ ಆವಿ, ಮುಗಿಯಿತು.

ಆ ರಬ್ಬರ್ ಮ್ಯಾಟ್ ಹಾಸಿದವರು ನೀವು. "ರಬ್ಬರ್ ಇದ್ರೆ ಶಾಕ್ ಹೊಡೆಯಲ್ಲ" ಎಂದು ಎದೆಯುಬ್ಬಿಸಿ ಹೇಳಿದ್ದೂ ನೀವೇ. ಡಬ್ಬಿಗೆ ಸಿಕ್ಕಿಸುವ ಅರ್ತಿಂಗ್ ತಂತಿಯನ್ನು "ಇನ್ನು ಇದ್ಯಾಕೆ" ಎಂದು ಸುತ್ತಿ ಮೊಳೆಗೆ ನೇತುಹಾಕಿದ್ದೂ ನೀವೇ. ಸರಿ, ಅದು ತಿಳಿಯದೆ ಆದದ್ದು. ಅವಳನ್ನು ಆಸ್ಪತ್ರೆಗೆ ಒಯ್ಯುವಷ್ಟರಲ್ಲಿ ಮ್ಯಾಟ್ ಎತ್ತಿ ಬಚ್ಚಿಟ್ಟಿರಲ್ಲ, ಅದೂ ತಿಳಿಯದೆ ಆಯಿತೇ? ನನ್ನ ಜೀವ ಇರುವವರೆಗೂ ಅದನ್ನು ಕ್ಷಮಿಸುವುದಿಲ್ಲ. ಆ ಪೆದ್ದಿ ಇನ್ನೂ "ಭಾವ ಊಟ ಮಾಡಿದ್ರಾ ಅಕ್ಕಾ?" ಎಂದು ಕೇಳುತ್ತಾಳೆ. ನನಗೆ ಮೈಯೆಲ್ಲ ಉರಿಯುತ್ತದೆ.

ಸೋಮವಾರ ಹತ್ತು ಗಂಟೆಗೆ ಬಂದು ನಿಜ ಹೇಳಿ. ಇಲ್ಲದಿದ್ದರೆ ಈ ಮನೆಯ ಹೊಸ್ತಿಲು ತುಳಿಯಬೇಡಿ.

ಇನ್ನೂ ನಿಮ್ಮ ಹೆಂಡತಿಯೇ ಆಗಿರುವ,
ಅವಳ ಅಕ್ಕ

ತಾ.ಕ.: ಸಿಮೆಂಟು ನೆಲದಲ್ಲಿ ನಿಂತು ನಿಂತು ಕಾಲು ಸೆಳೆಯುತ್ತದೆ, ಏನಾದರೂ ಹಾಸಿಕೊಡಿ ಎಂದು ವಾರಗಟ್ಟಲೆ ನಿಮ್ಮ ಪ್ರಾಣ ತಿಂದವಳು ನಾನು. ಕಾರ್ಖಾನೆಯಲ್ಲಿ ದಿನಾ ನಾನು ನಿಂತು ಕೆಲಸ ಮಾಡುವ ಜಾಗ ಅದು. ಅವತ್ತು ನಾನು ರಜೆ ಹಾಕಿದ್ದಕ್ಕೆ ಅವಳು ಅಲ್ಲಿ ನಿಂತಳು. ಇದನ್ನೆಲ್ಲ ಬರೆದು, ಸಹಿ ಹಾಕಿ ಎಂಜಿನಿಯರಮ್ಮನಿಗೆ ಕೊಟ್ಟಾಗಿದೆ. ತಂಗಿಗೆ ಮಾತ್ರ ಇನ್ನೂ ಹೇಳಿಲ್ಲ. ಬನ್ನಿ ರೀ, ಒಬ್ಬಳೇ ಹೇಳಲಾರೆ.