ಮೀಟರ್ ಎಷ್ಟು?

ಡಿಸೆಂಬರ್ 12, ಮಧ್ಯಾಹ್ನ

ಕೃತಕ ಹಲ್ಲಿನ ಮೂರು ಸೆಟ್ ಪಾಲಿಶ್ ಆಯಿತು. ನಾಲ್ಕನೆಯದರ ಮುಂದಿನ ಹಲ್ಲು ಸೊಟ್ಟ — ಮತ್ತೆ ಮೇಣ ಕರಗಿಸಿ ಕೂರಿಸಬೇಕು. ಡಾಕ್ಟರ್ ವರ್ಷದ ಕೊನೆಗೆ ಹತ್ತು ದಿನ ರಜೆ ಕೊಟ್ಟರು, ಹತ್ತು ಸಲ ನಿಟ್ಟುಸಿರು ಬಿಟ್ಟು. 22ಕ್ಕೆ ಊರಿಗೆ. ವಿಮಾನವೋ ಕಾರೋ, ಇನ್ನೂ ತೀರ್ಮಾನವಿಲ್ಲ. ವಿಮಾನವಾದರೆ ಎರಡು ಗಂಟೆ. ಕಾರಾದರೆ ಎರಡು ದಿನ, ಸೊಂಟದ ಕಥೆ ಮುಗಿದಂತೆ. ವಿಮಾನದ ಟಿಕೆಟ್ ಅಂತೂ ಬುಕ್ ಮಾಡಿಟ್ಟಿದ್ದೇನೆ. ಅಪ್ಪನಿಗೆ ಹೇಳಿಲ್ಲ.

ಡಿಸೆಂಬರ್ 13

ಹೇಳಿದೆ. ಫೋನಿನಲ್ಲಿ ಅಪ್ಪ ಮೊದಲು ತಾರೀಖು ಕೇಳಿದರು. ಆಮೇಲೆ, "ವಿಮಾನದಲ್ಲಿ ಬಂದ್ರೆ ನಾನೇನು ಬರ್ಕೊಳ್ಳಲಿ ಮರಿ?"

ಮೂವತ್ತೊಂದು ವರ್ಷ ಬಸ್ ಓಡಿಸಿದವರು. ನಿಂತಲ್ಲೆಲ್ಲ ಮೀಟರ್ ನೋಡಿ ಎಷ್ಟು ಕಿಲೋಮೀಟರ್ ಓಡಿದೆ ಅಂತ ಬರೆಯುವುದು ಆಗ ಡಿಪೋದ ನಿಯಮ. ನಿವೃತ್ತಿಯಾದ ಮೇಲೆ ನಮ್ಮ ಮನೆಯ ನಿಯಮ. ನಾನು ಕಾರಿನಲ್ಲಿ ಹೊರಟರೆ ನಿಂತಲ್ಲೆಲ್ಲ ಫೋನ್ ಮಾಡಬೇಕು. ಹೇಗಿದ್ದೀಯಾ, ತಿಂದೆಯಾ, ಏನೂ ಕೇಳುವುದಿಲ್ಲ. "ಮೀಟರ್ ಎಷ್ಟು?" ಅಷ್ಟೇ. ಹೇಳಿದ್ದನ್ನು ನೋಟ್‌ಬುಕ್ಕಿನಲ್ಲಿ ಬರೆದುಕೊಳ್ಳುತ್ತಾರೆ. ಜೊತೆಗೆ ಇನ್ನೊಂದು ನಿಯಮ — ಕತ್ತಲಾದ ಮೇಲೆ ಸ್ಟಿಯರಿಂಗ್ ಮುಟ್ಟಬಾರದು.

ಮಾತಾಡುವಾಗ ಹಲ್ಲಿನ ಸೆಟ್ ಟಕ್ ಟಕ್ ಎನ್ನುತ್ತಿತ್ತು. ನಾನೇ ಮಾಡಿಕೊಟ್ಟ ಸೆಟ್. ಎರಡು ವರ್ಷ ಕದಲಿರಲಿಲ್ಲ. ಈಗೇಕೆ ಸಡಿಲ? ನನ್ನ ಕೈಕೆಲಸಕ್ಕೇ ಅವಮಾನ.

ಡಿಸೆಂಬರ್ 16

ಅಕ್ಕನ ಫೋನ್. ಅಪ್ಪ ಇರುವುದು ಅವಳ ಜೊತೆ. ಊಟ ಕಮ್ಮಿ ಮಾಡಿದ್ದಾರೆ, ವಿಮಾನದಲ್ಲೇ ಬಂದುಬಿಡು ಅಂದಳು. ಹಲ್ಲು ಸಡಿಲವಾದರೆ ಊಟ ಹೇಗೆ ಸೇರುತ್ತದೆ ಅಂದೆ. ಸೆಟ್ಟಿಗೆ ಒಳಪದರ ಹಾಕಿದರಾಯಿತು, ಅರ್ಧ ಗಂಟೆಯ ಕೆಲಸ. ಆದರೆ ಅದರ ದ್ರಾವಣ ಬೆಂಕಿ ಹತ್ತುವಂಥದ್ದು, ವಿಮಾನದಲ್ಲಿ ಬಿಡುವುದಿಲ್ಲ. ಅಕ್ಕ ಏನೋ ಹೇಳಹೊರಟು ನಿಲ್ಲಿಸಿದಳು. ನಾನೂ ಕೆದಕಲಿಲ್ಲ.

ಟಿಕೆಟ್ ಕ್ಯಾನ್ಸಲ್. ಅಪ್ಪ ಹೊಸ ನೋಟ್‌ಬುಕ್ ತರಿಸುತ್ತಾರಂತೆ. ಧ್ವನಿಯಲ್ಲೇ ಹಿಗ್ಗು.

ಡಿಸೆಂಬರ್ 22, ಬೆಳಗ್ಗೆ 6

62,310. ಹೇಳಿದೆ. ಟೈರ್ ನೋಡಿದೆಯಾ ಅಂದರು. ನೋಡಿದೆ ಅಂದೆ. ಸುಳ್ಳು. ಫೋನಿಟ್ಟು ಇಳಿದು ನೋಡಿದೆ.

ಡಿಸೆಂಬರ್ 22, ಸಂಜೆ 6.15. ಹೆದ್ದಾರಿ ಬದಿಯ ಲಾಡ್ಜ್

ಮಧ್ಯಾಹ್ನ 62,574. ಈಗ 62,861. ಎರಡೆರಡು ಸಲ ಹೇಳಿಸಿಕೊಂಡರು. ಹಿಂದೆ ಏನೋ ಬೀಪ್ ಬೀಪ್. ಏನಪ್ಪಾ ಅದು ಅಂದರೆ ಟೀವಿ ಅಂದರು. ಸೆಟ್ ತೆಗೆದಿಟ್ಟಿದ್ದರೇನೋ, ಮಾತು ತೊದಲುತ್ತಿತ್ತು. ದಾರಿ ಖಾಲಿ ಇದೆ, ಇನ್ನೊಂದು ನೂರು ಕಿಲೋಮೀಟರ್ ಹೋಗಿಬಿಡಲಾ ಅಂತ ಕೇಳಿದೆ.

"ಬೇಡ. ಕತ್ತಲಾಯ್ತು. ಮಲ್ಕೋ."

ಒಳ್ಳೆಯ ಮಗಳ ಹಾಗೆ ರೂಮ್ ತೆಗೆದುಕೊಂಡೆ.

ಡಿಸೆಂಬರ್ 23, ಮಧ್ಯಾಹ್ನ 12.40

ಬೆಳಗ್ಗೆ ಹೊರಡುವಾಗ ಫೋನ್ ಎತ್ತಲಿಲ್ಲ. ನಿದ್ದೆ ಇರಬೇಕು ಅಂದುಕೊಂಡೆ. ಈಗ 63,140. ಎತ್ತಿದ್ದು ಅಕ್ಕ. ಮೀಟರ್ ಹೇಳಿದೆ. ನೇರ ಆಸ್ಪತ್ರೆಗೆ ಬಾ ಅಂದಳು — ಹೆದ್ದಾರಿಯಲ್ಲೇ ಇದೆ, ಮನೆಗೆ ಏಳು ಕಿಲೋಮೀಟರ್ ಮೊದಲು. ನಿಧಾನಕ್ಕೆ ಬಾ, ಅವಸರ ಏನಿಲ್ಲ ಅಂತಲೂ ಅಂದಳು.

ಆಸ್ಪತ್ರೆಗೆ ಯಾರೂ ಹಾಗೆ ಕರೆಯುವುದಿಲ್ಲ. ಇಷ್ಟು ಬರೆದು ಹೊರಡುತ್ತೇನೆ.

ಡಿಸೆಂಬರ್ 26

ಅಪ್ಪ ಹೋಗಿ ಮೂರು ದಿನ. ಬೆಳಗ್ಗೆ ಹತ್ತೂವರೆಗಂತೆ. ಆಗ ನಾನು ಯಾವುದೋ ಲಾರಿಯ ಹಿಂದೆ ಹಾರ್ನ್ ಹೊಡೆಯುತ್ತಿದ್ದೆ.

22ರ ಮಧ್ಯಾಹ್ನವೇ ಆಸ್ಪತ್ರೆಗೆ ಸೇರಿಸಿದ್ದರಂತೆ. ನೋಟ್‌ಬುಕ್ ಕೈಯಲ್ಲಿ ಹಿಡಿದುಕೊಂಡೇ ಅಲ್ಲಿಗೆ ಹೊರಟರಂತೆ. ನನಗೇಕೆ ಹೇಳಲಿಲ್ಲ ಅಂತ ಅಕ್ಕನ ಮೇಲೆ ಕೂಗಾಡಿದೆ. ಅವಳು ತಿರುಗಿ ಕೂಗಲಿಲ್ಲ.

"ಆಣೆ ಹಾಕಿಸ್ಕೊಂಡ್ರು ಕಣೆ. ಹೇಳಿದ್ರೆ ರಾತ್ರಿಯೆಲ್ಲ ಓಡಿಸ್ಕೊಂಡು ಬರ್ತಾಳೆ ಅಂದ್ರು."

ನರ್ಸ್ ಸೆಟ್ಟನ್ನು ಕಾಗದದ ಲೋಟದಲ್ಲಿ ಹಾಕಿ ಕೊಟ್ಟಿದ್ದರು. ಸಡಿಲವಾಗಿದ್ದು ಅಪ್ಪ ಕರಗಿಹೋಗಿದ್ದರಿಂದ. ಹತ್ತೊಂಬತ್ತು ವರ್ಷ ಇದೇ ಕೆಲಸ ಮಾಡಿದವಳು ನಾನು. ಒಸಡು ಯಾಕೆ ಕುಗ್ಗುತ್ತದೆ ಅಂತ ನನಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಟಕ್ ಟಕ್ ಕೇಳಿ ಸೆಟ್ಟಿನ ಚಿಂತೆ ಮಾಡಿದೆ. ವಿಮಾನದಲ್ಲಿ ಬಂದಿದ್ದರೆ 22ರ ಮಧ್ಯಾಹ್ನ ಅವರ ಪಕ್ಕದಲ್ಲಿ ಕೂತಿರುತ್ತಿದ್ದೆ. ಇದಕ್ಕೆ ನನ್ನನ್ನು ನಾನೇ ಕ್ಷಮಿಸಲಾರೆ.

ದ್ರಾವಣದ ಬಾಟಲಿ ಇನ್ನೂ ಕಾರಿನ ಡಿಕ್ಕಿಯಲ್ಲಿದೆ.

ಡಿಸೆಂಬರ್ 27, ಬೆಳಗ್ಗೆ 9

ಅಕ್ಕ ನೋಟ್‌ಬುಕ್ ಕೊಟ್ಟಳು. ಬರೆದಿರುವುದು ಒಂದೇ ಪುಟ. 62,310. 62,574. 62,861 — ಕೊನೆಯ ಅಂಕಿಗಳು ಓರೆಕೋರೆ, ಪೆನ್ನು ಗೆರೆ ದಾಟಿದೆ. ಕೆಳಗೆ ಒಂದಿಷ್ಟು ಜಾಗ ಬಿಟ್ಟು ಇನ್ನೊಂದು ಸಾಲು: ಮನೆ — 63,398.

ಅದು ನಾನು ಹೇಳಿದ್ದಲ್ಲ. ಅವರೇ ಲೆಕ್ಕ ಹಾಕಿ ಮೊದಲೇ ಬರೆದಿಟ್ಟಿದ್ದಾರೆ. ತುಂಬಾ ಹೊತ್ತು ಅತ್ತೆ.

ಕಾರು ಆಸ್ಪತ್ರೆಯ ಪಾರ್ಕಿಂಗಿನಲ್ಲೇ ಉಳಿದಿದೆ. ಅವತ್ತು ಅಪ್ಪನ ಜೊತೆ ವ್ಯಾನಿನಲ್ಲಿ ಬಂದೆ, ಆಮೇಲೆ ಯಾರಿಗೂ ನೆನಪಾಗಲಿಲ್ಲ. ಹೋಗಿ ತರುತ್ತೇನೆ ಅಂದರು ಭಾವ. ಬೇಡ ಅಂದೆ.

11.20. ಮನೆ ಮುಂದೆ, ಕಾರಿನಲ್ಲಿ

ಬಂದೆ. 63,402. ನಾಲ್ಕು ಕಿಲೋಮೀಟರ್ ಜಾಸ್ತಿ. ಎಲ್ಲಿ ಸುತ್ತೋಕೆ ಹೋಗಿದ್ದೆ ಅಂತ ಕೇಳುತ್ತಿದ್ದರು. ಅಕ್ಕನ ಫೋನ್ ಆದ ಮೇಲೆ ಒಂದು ತಿರುವು ತಪ್ಪಿತ್ತು ಅಪ್ಪ. ಕಣ್ಣು ಮಂಜಾಗಿತ್ತು.

ಕೈ ತಾನಾಗಿಯೇ ಅವರ ನಂಬರ್ ಒತ್ತಿತು. ಒಳಗೆ ಅವರ ಕೋಣೆಯಲ್ಲಿ ರಿಂಗಾಗಿದ್ದು ಇಲ್ಲಿಗೇ ಕೇಳಿಸಿತು. ಅಕ್ಕ ಎತ್ತಿದಳು. ಕಿಟಕಿಯಿಂದ ನನ್ನನ್ನು ನೋಡಿದಳು.

"ಮೀಟರ್ ಎಷ್ಟು?" ಅಂದಳು.

ಅರವತ್ತಮೂರು ಸಾವಿರದ —