ಚರಚರ

ಸಿಂದಗಿ
೨೦ ಫೆಬ್ರವರಿ ೨೦೦೨

ಪ್ರೀತಿಯ ಹಣಮಂತ್ರಾಯ,

ನಿನಗೂ ರೇವವ್ವ ವೈನಿಯವರಿಗೂ ನನ್ನ ಸಲಾಂ. ಎಂಟು ದಿನದಲ್ಲಿ ಕಳಿಸುತ್ತೇನೆ ಎಂದವನು ತಿಂಗಳ ಮೇಲೆ ಸತಾಯಿಸಿದೆ, ಬೈಯಬೇಡ. ಸೋತ ಮೇಲೆ ಕುತುಬುದ್ದೀನ ಮಾತು ತಪ್ಪಿದ ಎಂದು ಬಾಗೇವಾಡಿ ತುಂಬ ಹೇಳಿಕೊಂಡು ತಿರುಗುತ್ತಿದ್ದೀಯೆಂದು ಗೊತ್ತು. ಸೋಲಾಪುರದಿಂದ ಪ್ಲೇಯರಿಗೆ ಹೊಸ ಸೂಜಿ ಬರಬೇಕಿತ್ತು, ಅದಕ್ಕೇ ತಡ. ಇವತ್ತು ಬಸ್ಸಿಗೆ ಹಾಕಿದ್ದೇನೆ: ನನ್ನ ರೆಕಾರ್ಡ್ ಪ್ಲೇಯರ್, ಜೊತೆಗೆ ಹದಿನೇಳು ರೆಕಾರ್ಡು. ನಜಮಾಳ ಕೌದಿಯಲ್ಲಿ ಸುತ್ತಿ ಕಟ್ಟಿದ್ದೇನೆ. ಪ್ಲೇಯರ್ ನಿನ್ನದು, ಕೌದಿ ಮಾತ್ರ ವಾಪಸು ಕಳಿಸು, ಅವಳು ದಿನಾ ಕೇಳುತ್ತಾಳೆ.

ಸಂಕ್ರಾಂತಿಯ ಮರುದಿನ ನೆನಪಾದರೆ ಈಗಲೂ ನಗು ಬರುತ್ತದೆ. ಹೊಸ ಸೀಡಿ ಪ್ಲೇಯರನ್ನು ಬಗಲಲ್ಲಿ ಇಟ್ಟುಕೊಂಡು ಬಂದವನೇ ನೀನು ವಿಜ್ಞಾನದ ಪಾಠ ಶುರು ಮಾಡಿದೆ. "ಧ್ವನಿ ಅಂದ್ರ ಲೆಕ್ಕನೋ ಕುತುಬ್ಯಾ! ಸೊನ್ನಿ, ಒಂದು, ಸೊನ್ನಿ, ಒಂದು, ಅಷ್ಟ!" ನಾನು ಬಿಡುತ್ತೇನೆಯೇ? "ಹೆಚ್ಚಿ ಜೋಡಿಸಿದ್ರ ಪಲ್ಲೆ ಆಗ್ತೈತಿ ಮಾಸ್ತರ, ಹಾಡು ಆಗೂದಿಲ್ಲ" ಎಂದೆ. ಮಾತು ಏರಿ ಏರಿ ಪಂದ್ಯಕ್ಕೆ ಬಂತು. ನಜಮಾ ಜಮಖಾನವನ್ನು ಪರದೆಯ ಹಾಗೆ ಕಟ್ಟಿ ಅದರ ಹಿಂದೆ ಕೂತಳು. ನನ್ನ ರೆಕಾರ್ಡು, ನಿನ್ನ ಸೀಡಿ ಎರಡರಲ್ಲೂ ಒಂದೇ ಭೈರವಿ ಇತ್ತು. ಆಂಪ್ಲಿಫೈಯರ್ ಒಂದೇ, ನಾನೇ ಬೇವಿನ ಹಲಗೆಯಿಂದ ಮಾಡಿದ ಸ್ಪೀಕರ್ ಡಬ್ಬಿಗಳೂ ಅವೇ.

"ಯಾವ್ದು ರೆಕಾರ್ಡು, ಯಾವ್ದು ಸೀಡಿ, ಕಣ್ಣು ಮುಚ್ಚಿ ಹೇಳ್ತೇನಿ. ಒಂದ ಸಲ ತಪ್ಪಿದ್ರೂ ನನ್ನ ಪ್ಲೇಯರ್ ನಿಂದು!" ಎಂದವನೂ ನಾನೇ. ಮೂವತ್ತು ವರ್ಷ ರೇಡಿಯೊ ಟೇಪು ರಿಪೇರಿ ಮಾಡಿದವನ ಸೊಕ್ಕು ಅದು. ಅರ್ಧ ನಿಮಿಷವೂ ಆಗಿರಲಿಲ್ಲ, ಕೈ ಎತ್ತಿದೆ: "ಬಂದ್ ಮಾಡು ನಜಮಾ. ಇದು ಸೀಡಿ. ಇದರಾಗ ಜೀವ ಇಲ್ಲ." ಅವಳು ಜಮಖಾನ ಸರಿಸಿದಳು. ರೆಕಾರ್ಡು ತಿರುಗುತ್ತಿತ್ತು! ನೀನು ಹೊಟ್ಟೆ ಹಿಡಿದುಕೊಂಡು ನಕ್ಕೆ, ಚಹಾ ನನ್ನ ಪಾಯಿಜಾಮದ ಮೇಲೆ ಚೆಲ್ಲಿದೆ. "ಭಾಭಿ, ಇವನ ಜೀವ ಎಲ್ಲಿ ಹೋತ್ರಿ?" ಎಂದು ಕೇಳಿದೆ. ನಜಮಾ ಮಾತ್ರ ನಗಲಿಲ್ಲ.

ಸೋತವನಿಗೆ ಇರಲಿ ಎಂದು ನೀನು ಬಿಟ್ಟುಹೋದ ಸೀಡಿ ಪ್ಲೇಯರ್ ಚೆನ್ನಾಗಿದೆ. ಒಪ್ಪಿಕೊಂಡೆ, ಸಾಕೇ? "ರೊಟ್ಟಿ ಬಡಿಯೂದು ಬಿಟ್ಟು ಎದ್ದು ರೆಕಾರ್ಡಿನ ಮಗ್ಗಲಾ ಹೊರಳಿಸೂದು ತಪ್ಪಿತು" ಎಂದು ನಜಮಾಳಿಗೂ ಸಮಾಧಾನ. ಈಗ ಅವಳು ಮಧ್ಯಾಹ್ನ ಅಂಗಡಿಯಲ್ಲಿ ನನ್ನ ಪಕ್ಕದಲ್ಲೇ ಕೂರುತ್ತಾಳೆ. ಓಣಿಯವರು ಚೇಷ್ಟೆ ಮಾಡುತ್ತಾರೆ, ಮಾಡಲಿ. ಇಬ್ಬರೂ ಒಂದೇ ಡಬ್ಬಿಯಲ್ಲಿ ಊಟ ಮಾಡಿ ಸುಖವಾಗಿದ್ದೇವೆ.

ರೆಕಾರ್ಡು ಹಾಕುವ ಮುಂಚೆ ಮೆತ್ತನೆಯ ಬಟ್ಟೆಯಿಂದ ದುಂಡಗೆ ಒರೆಸು. ಧೂಳು ಕೂತರೆ ಚರಚರ ಸದ್ದು ಬರುತ್ತದೆ, ನಿನಗೆ ಅದು ಸೇರುವುದಿಲ್ಲ.

ನಿನ್ನ ಮಗಳು ವಿದ್ಯಾವತಿಗೆ ಮುದ್ದೇಬಿಹಾಳದ ಶಾಲೆಯಲ್ಲಿ ಕೆಲಸ ಸಿಕ್ಕಿತೆಂದು ಕೇಳಿ ನಮ್ಮ ಮನೆಯಲ್ಲೂ ಶೀರಾ ಮಾಡಿದೆವು. ಅವಳ ಪಾಠ ಮಕ್ಕಳಿಗೆ ಹತ್ತಲಿ, ನಿನ್ನ ಸಿಟ್ಟು ಮಾತ್ರ ಅವಳಿಗೆ ಹತ್ತದಿರಲಿ. ಅಲ್ಲಾಹ ನಿಮ್ಮೆಲ್ಲರನ್ನೂ ಚೆನ್ನಾಗಿಡಲಿ.

ನಿನ್ನ
ಕುತುಬುದ್ದೀನ

ತಾ.ಕ.: ನಜಮಾ ಇದನ್ನು ಓದಿ, "ಖರೇ ಬರೀಲಾರ್ದ ಪತ್ರ ಯಾಕ ಹಾಕ್ತೀರಿ?" ಎಂದಳು. ಅದಕ್ಕೇ ಬರೆಯುತ್ತೇನೆ. ಇಷ್ಟು ವರ್ಷ ನಾನು ರೆಕಾರ್ಡನ್ನು ಗುರುತಿಸುತ್ತಿದ್ದದ್ದು ಜೀವದಿಂದ ಅಲ್ಲ ಮಾರಾಯ, ಆ ಚರಚರದಿಂದ. ಅವತ್ತು ಚರಚರ ಕೇಳಲಿಲ್ಲ, ಅದಕ್ಕೇ ಸೀಡಿ ಎಂದೆ. ಜಮಖಾನ ಸರಿಸಿದಾಗ ರೆಕಾರ್ಡಿನ ಮೇಲಿನ ಧೂಳು ಕಣ್ಣಿಗೆ ಕಂಡಿತು. ಸೂಜಿಗಾಗಿ ತಡವಾಗಲಿಲ್ಲ, ಬಿಜಾಪುರದ ಡಾಕ್ಟರರ ಹತ್ತಿರ ಮೂರು ಸಲ ಹೋಗಿ ಬಂದೆ. ಸಣ್ಣ ಸದ್ದುಗಳು ಎರಡೂ ಕಿವಿಯಿಂದ ಹೋಗಿವೆಯಂತೆ, ತಿರುಗಿ ಬರುವುದಿಲ್ಲವಂತೆ. ಟೇಪು ಸರಿಯಾಯಿತೋ ಇಲ್ಲವೋ ಎಂದು ಈಗ ನಜಮಾ ಕೇಳಿ ಹೇಳುತ್ತಾಳೆ. ಬಹಳ ಸಂಕಟವಾಯಿತು, ಹಣಮಂತ್ರಾಯ.

ಒರೆಸು ಎಂದು ಮೇಲೆ ಬರೆದಿದ್ದೇನಲ್ಲ, ಆ ಭೈರವಿಯನ್ನು ಒರೆಸಬೇಡ. ಹಾಗೆಯೇ ಹಾಕು. ಚರಚರ ಇನ್ನೂ ಇದ್ದರೆ ನನಗೊಂದು ಕಾರ್ಡು ಬರೆ.