ಇಬ್ಬರಿಗೊಂದು ಸೀಟು

ಕುರುಬರಹಳ್ಳಿ, ಬೆಂಗಳೂರು
೧೪ ಸೆಪ್ಟೆಂಬರ್ ೨೦೨೫

ಪ್ರೀತಿಯ ಲತಾ,

ಹೇಗಿದ್ದೀಯೇ? ನಿನ್ನ ಗೃಹಪ್ರವೇಶಕ್ಕೆ ಬರಲಿಲ್ಲ, ಆಮೇಲೂ ಒಂದು ಮಾತಾಡಲಿಲ್ಲ. ನೀನು ಮುನಿಸಿಕೊಂಡಿದ್ದರೆ ತಪ್ಪೇನಿಲ್ಲ. ಜ್ವರ ಎಂದು ಮೆಸೇಜು ಹಾಕಿದೆನಲ್ಲ, ಅದು ಸುಳ್ಳು. ಅವತ್ತು ನನಗೆ ಕ್ಲಾಸಿತ್ತು. ಹೌದು ಕಣೇ, ನಗಬೇಡ, ನಿನ್ನ ರಂಜನಿ ಎಂ.ಎ. ಓದುತ್ತಿದ್ದಾಳೆ. ಫೋನಿನಲ್ಲಿ ಇದನ್ನೆಲ್ಲ ಹೇಳಲಾಗುವುದಿಲ್ಲ, ಅದಕ್ಕೇ ಬರೆಯಲು ಕೂತೆ.

ಇದನ್ನೆಲ್ಲ ಶುರು ಮಾಡಿದ್ದು ನನ್ನ ಮಗಳು ಶಿವಾನಿಯೇ. ಬಿ.ಎ. ಮುಗಿಸಿದವಳಿಗೆ ಇತಿಹಾಸದಲ್ಲಿ ಎಂ.ಎ. ಮಾಡುವ ಹಠ, ಅದೂ ಇಲ್ಲಿನ ಒಂದು ಪುಟ್ಟ ಸರ್ಕಾರಿ ವಿಶ್ವವಿದ್ಯಾಲಯದಲ್ಲೇ. ಅರ್ಜಿ ಹಾಕುತ್ತಾ ಕೂತವಳು, "ನೀನೂ ಹಾಕಮ್ಮ, ಇಬ್ರೂ ಒಟ್ಟಿಗೆ ಹೋಗ್ಬರೋಣ" ಎಂದು ನನ್ನದನ್ನೂ ತುಂಬಿಬಿಟ್ಟಳು. ನಮ್ಮ ಕಾಲದ ಬಿ.ಎ. ಈಗಲೂ ನಡೆಯುತ್ತದಂತೆ. ಅತ್ತೆಯಂತೂ, ಹಾಗಾದರೆ ರೊಟ್ಟಿ ತಟ್ಟುವುದಕ್ಕೆ ನಾನೂ ಅರ್ಜಿ ಹಾಕಬೇಕೇನೋ ಎಂದು ನಗಾಡಿದರು.

ಪಟ್ಟಿ ಬಂತು. ಕೊನೆಯ ಸೀಟು ನನಗೆ. ವೇಟಿಂಗ್ ಲಿಸ್ಟಿನಲ್ಲಿ ಮೊದಲ ಹೆಸರು ಶಿವಾನಿಯದು. "ಅಮ್ಮ ಪಾಸು, ಮಗಳು ಫೇಲು" ಎಂದು ಅವಳು ಮನೆಯೆಲ್ಲ ಕುಣಿದಳು. ಆಮೇಲೆ ಬಚ್ಚಲಿಗೆ ಹೋಗಿ ನಲ್ಲಿ ತಿರುಗಿಸಿಕೊಂಡು ಬಹಳ ಹೊತ್ತು ಕೂತಳು. ಇವರು ಪೇಪರಿನಿಂದ ತಲೆಯೆತ್ತದೆ, "ನೀ ಬಿಟ್ಕೊಟ್ರೆ ಅವಳಿಗೆ ಬರುತ್ತಲ್ಲ" ಎಂದರು, ಉಪ್ಪಿನಕಾಯಿ ಬಡಿಸು ಎಂದಷ್ಟೇ ಸಲೀಸಾಗಿ. ನನಗೆ ಎಷ್ಟು ಕೋಪ ಬಂತೆಂದರೆ, ಅದನ್ನು ಯಾರ ಮೇಲೆ ತೀರಿಸಿಕೊಳ್ಳಬೇಕೆಂದೇ ತಿಳಿಯಲಿಲ್ಲ. ಸೀಟು ಸಿಗದಿದ್ದರೆ ಶಿವಾನಿಯನ್ನು ನೋಡಲು ಹಾವೇರಿಯ ಹುಡುಗನ ಕಡೆಯವರಿಗೆ ಬರಹೇಳುತ್ತೇನೆಂದು ಅತ್ತೆ ಆಗಲೇ ತಯಾರಾಗಿದ್ದರು. ಮರುದಿನ ನಾನು ಸೀಟು ಬಿಟ್ಟುಕೊಟ್ಟು ಬರುತ್ತೇನೆಂದು ಯೂನಿವರ್ಸಿಟಿಗೆ ಹೊರಟೆ.

ಅಲ್ಲಿ ಹೇಳಿದ್ದೇ ಬೇರೆ. ಗಡುವು ಮುಗಿದಿದೆ, ಈಗ ಬಿಟ್ಟುಕೊಟ್ಟರೆ ಸೀಟು ಖಾಲಿ ಉಳಿಯುತ್ತದೆ, ವೇಟಿಂಗ್ ಲಿಸ್ಟಿನವರಿಗೆ ಹೋಗುವುದಿಲ್ಲ ಎಂದರು. ಸುಮ್ಮನೆ ಹಾಳಾಗುವುದೇಕೆಂದು ನಾನೇ ಸೇರಿದೆ. ಮನೆಯಲ್ಲಿ ಎಲ್ಲರೂ ಸರಿ ಎಂದರು. ಪಕ್ಕದ ಮನೆಯ ವಿಮಲಮ್ಮನಂತೂ ಸಿಕ್ಕಾಗಲೆಲ್ಲ, ಈ ವಯಸ್ಸಿನಲ್ಲಿ ಓದುತ್ತೀರಲ್ಲ ಎಂದು ಹೊಗಳುತ್ತಾರೆ. ನಾನು ನೆಲ ನೋಡುತ್ತೇನೆ. ಹಾವೇರಿಯವರು ದಸರಾ ಕಳೆದ ಮೇಲೆ ಬರುತ್ತಾರಂತೆ.

ನಿಮ್ಮ ಯಜಮಾನರಿಗೆ ನನ್ನ ನಮಸ್ಕಾರ ಹೇಳು. ನಿನ್ನ ಮಗ ಮಧುಗೆ ಆಶೀರ್ವಾದ. ಹೊಸ ಮನೆಯಲ್ಲಿ ಎಲ್ಲರೂ ತಣ್ಣಗಿರಿ.

ನಿನ್ನ
ಶಿವರಂಜನಿ

ತಾ.ಕ.: ಗಡುವಿನ ಮಾತು ನಾನೇ ಕಟ್ಟಿದ್ದು ಲತಾ. ಮನೆಯವರಿಗೆ ಹೇಳಿದ್ದನ್ನೇ ನಿನಗೂ ಬರೆದುಬಿಟ್ಟೆ. ಆಫೀಸಿನಾಕೆ ಬಿಳಿ ಹಾಳೆ ಮುಂದಿಟ್ಟು, "ಬರ್ಕೊಡಿ ಮೇಡಂ, ಸಂಜೆಯೊಳಗೆ ನಿಮ್ಮ ಮಗಳಿಗೇ ಹೋಗುತ್ತೆ" ಎಂದಿದ್ದರು. ನಾನು ಹಾಳೆ ವಾಪಸು ಕೊಟ್ಟು, ಚೀಲದಿಂದ ನನ್ನ ಅಂಕಪಟ್ಟಿಗಳನ್ನು ತೆಗೆದುಕೊಟ್ಟೆ. ಮನೆಯಿಂದ ಹೊರಡುವಾಗಲೇ ಅವನ್ನು ಹಾಕಿಕೊಂಡಿದ್ದೆ ಕಣೇ. ಶಿವಾನಿ ನನ್ನ ಮಾತನ್ನು ಪೂರ್ತಿ ನಂಬಿದಳು. ದಿನಾ ಬೆಳಗ್ಗೆ ಅವಳೇ ನನಗೆ ಚಿತ್ರಾನ್ನ ಕಟ್ಟಿಕೊಟ್ಟು, ಸ್ಕೂಟರಿನಲ್ಲಿ ಬಿಟ್ಟುಬರುತ್ತಾಳೆ. ಅವಳ ಹಿಂದೆ ಕೂತಿರುವಷ್ಟು ಹೊತ್ತೂ ನಾಚಿಕೆಯಿಂದ ಸಾಯುತ್ತೇನೆ. ಪಾಠ ಶುರುವಾಯಿತೆಂದರೆ ಅವಳ ನೆನಪೇ ಬರುವುದಿಲ್ಲ.